ಏಳನೆಯ ಕಾಲು

ಸೆಪ್ಟೆಂಬರ್ 1, ಸೋಮವಾರ

ಈ ನೋಟುಬುಕ್ಕನ್ನು ತಂದದ್ದು ಅಳತೆ ಬರೆಯುವುದಕ್ಕೆ. ಇವತ್ತು ಅಳತೆ ಬರೆಯಲು ಕುಳಿತರೆ ಕೈ ಓಡಲಿಲ್ಲ, ಅದಕ್ಕೇ ಬೇರೇನೋ ಬರೆಯುತ್ತಿದ್ದೇನೆ. ಕೃತಕ ಕಾಲು ಮಾಡುವ ಅರವತ್ತರ ಮುದುಕನ ನೋಟುಬುಕ್ಕನ್ನು ಕದ್ದು ಓದುವಷ್ಟು ಪುರಸೊತ್ತು ನಮ್ಮ ಕಾರ್ಯಾಗಾರದಲ್ಲಿ ಯಾರಿಗೂ ಇಲ್ಲ.

ತಮ್ಮ ಬಂದಿದ್ದ. ಹೊಸ ಕಾಲು ಹಾಕಿಕೊಂಡು ಎರಡು ತಿಂಗಳಾಯಿತು, ಒಮ್ಮೆ ತೋರಿಸಿ ಹೋಗು ಎಂದು ನಾನೇ ಕರೆಸಿದ್ದೆ. ನಾನು ಅವನಿಗೆ ಮಾಡಿಕೊಟ್ಟ ಆರನೆಯ ಕಾಲು ಅದು. ಅವನ ಎಡಗಾಲು ಮೊಣಕಾಲಿನ ಕೆಳಗೆ ಹೋಗಿ ಮೂವತ್ತಾರು ವರ್ಷವಾಯಿತು. ಮೊದಲ ಕಾಲನ್ನು ಯಾರೋ ಮಾಡಿದ್ದರು, ಮರದ ಕೊರಡು. ಅದನ್ನು ನೋಡಿಯೇ ನಾನು ಈ ಕೆಲಸ ಕಲಿತದ್ದು. ಆಮೇಲಿನ ಆರೂ ನನ್ನವು.

“ಹೇಗಿದೆ, ನೋವೇನಾದರೂ ಇದೆಯಾ?” ಎಂದೆ.

“ಇಲ್ಲಣ್ಣ. ಹೂವಿನ ಹಾಗಿದೆ,” ಎಂದ. ಪ್ರತಿಸಲವೂ ಅದೇ ಮಾತು.

ಕಾಲು ಬಿಚ್ಚಿಸಿದೆ. ಮೋಟುಗಾಲಿಗೆ ತೊಡಿಸುವ ಬಟ್ಟೆಯ ಚೀಲದ ಮೇಲೆ ಅಂಗೈಯಗಲ ರಕ್ತ. ಚೀಲ ತೆಗೆದರೆ ಮೋಟಿನ ಮುಂಭಾಗದ ಮೂಳೆಯ ಮೇಲೆ ಹುಣ್ಣು, ವಾಸನೆ ಬರುತ್ತಿತ್ತು. ಸಕ್ಕರೆ ಕಾಯಿಲೆಯವನು ಅವನು. ನಾನು ದೀಪ ಹತ್ತಿರ ಎಳೆದುಕೊಂಡೆ. ಅವನು ಮಾತ್ರ ಯಾರದೋ ಗಡಿಯಾರದ ಮುಳ್ಳು ನೋಡುವಂತೆ ಕಣ್ಣು ಕಿರಿದು ಮಾಡಿ ನೋಡಿ, “ಓ, ಇದಾ? ಮೊನ್ನೆ ಒಂಚೂರು ತರಚಿತು,” ಎಂದ. ಅವನ ಕಸುಬೇ ಗಡಿಯಾರ ರಿಪೇರಿ.

ಕರ್ತನೇ, ನನ್ನ ಕಾಲು ಇಂಥ ಕೆಲಸ ಮಾಡಿಬಿಟ್ಟಿತಲ್ಲ. ಮೋಟು ಕೂರುವ ಬಟ್ಟಲಿನ ಅಚ್ಚಿನಲ್ಲಿ ಎಲ್ಲಿ ತಪ್ಪಿದೆ ಎಂದು ನಾಳೆಯೇ ನೋಡಬೇಕು.

ಸೆಪ್ಟೆಂಬರ್ 4, ಗುರುವಾರ

ಆಸ್ಪತ್ರೆಗೆ ಸೇರಿಸಿದ್ದಾರೆ. ಕೀವು ಮೂಳೆಗೆ ಇಳಿದಿದೆಯಂತೆ. ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು, “ಭಾವ, ಒಂದು ತಿಂಗಳಿಂದ ಮನೇಲಿ ಗೋಡೆ ಹಿಡ್ಕೊಂಡು ನಡೀತಿದ್ರು. ಅಣ್ಣನಿಗೆ ಹೇಳಿ ಅಂದ್ರೆ, ಅವನು ಬೇಜಾರು ಮಾಡ್ಕೋತಾನೆ ಅಂತಾರೆ.”

ನಮ್ಮಲ್ಲಿ ಪ್ಲಾಸ್ಟರ್ ಅಚ್ಚು ತೆಗೆಯುವ ಹೆಂಗಸಿಗೆ ಎಲ್ಲರೂ ಪ್ಲಾಸ್ಟರಕ್ಕ ಎನ್ನುತ್ತಾರೆ. ನನ್ನ ಕೈಕೆಳಗೇ ಕೆಲಸ ಕಲಿತವಳು, ಈಗ ನನ್ನ ಕಿವಿ ಹಿಂಡುವಷ್ಟು ಬೆಳೆದಿದ್ದಾಳೆ. ಮಧ್ಯಾಹ್ನ ಬಂದು ನನ್ನ ಎದುರಿಗೆ ಸ್ಟೂಲ್ ಎಳೆದುಕೊಂಡು ಕುಳಿತಳು.

“ಮೇಷ್ಟ್ರೇ, ನಾನು ಕೆಲಸಕ್ಕೆ ಸೇರಿದ ದಿನ ನೀವು ಏನು ಹೇಳ್ಕೊಟ್ರಿ, ನೆನಪಿದೆಯಾ?”

“ಕೈ ತೊಳ್ಕೋ ಅಂದಿರಬೇಕು.”

“ಅದೂ ಅಂದ್ರಿ. ಆಮೇಲೆ, ನೋವಿದೆಯಾ ಅಂತ ಯಾರನ್ನೂ ಕೇಳಬೇಡ, ಜನ ಮುಲಾಜಿಗೆ ಇಲ್ಲ ಅಂತಾರೆ. ಎಲ್ಲಿ ನೋವು ಅಂತ ಕೇಳು, ಆಗ ತೋರಿಸ್ತಾರೆ ಅಂದ್ರಿ. ಎಲ್ಲರನ್ನೂ ಹಾಗೇ ಕೇಳ್ತೀರಿ. ನಿಮ್ಮ ತಮ್ಮನನ್ನ ಮಾತ್ರ ಒಂದು ದಿನಾನೂ ಹಾಗೆ ಕೇಳಿದ್ದು ನಾನು ನೋಡಿಲ್ಲ.”

ನಿನ್ನ ಕೆಲಸ ನೋಡು ಎಂದು ಗದರಿದೆ. ಅವಳು ಎದ್ದು ಹೋದಳು. ಮಾತು ಹೋಗಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಚರ್ಚಿನ ಬಲಿಪೂಜೆಗೆ ಮೊದಲೇ ಹೋಗಿ ಗುರುಗಳ ಮುಂದೆ ಪಾಪನಿವೇದನೆ ಮಾಡಿದೆ. ಅದೇ ಪಾಪ. ಮೂವತ್ತು ವರ್ಷದಿಂದ ಎಷ್ಟು ಗುರುಗಳು ಬಂದು ಹೋದರೋ ಅಷ್ಟು ಜನರಿಗೂ ಹೇಳಿದ್ದೇನೆ. ಎಲ್ಲರೂ ಪಾಪವಿಮೋಚನೆ ಕೊಟ್ಟಿದ್ದಾರೆ. ಪ್ರತಿಸಲವೂ ಹೊರಗೆ ಬಂದಾಗ ಮೈ ಹಗುರಾಗುತ್ತದೆ, ವಾರ ಕಳೆಯುವುದರೊಳಗೆ ಮತ್ತೆ ಭಾರ.

ಈಗಿನ ಗುರುಗಳು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಜಾಲರಿಯ ಆಚೆಯಿಂದ ಹೇಳಿದರು, “ಇದನ್ನ ನನ್ನ ಹತ್ತಿರವೇ ನಾಲ್ಕನೇ ಸಲ ಹೇಳ್ತಿದ್ದೀರಿ. ದೇವರು ಮೊದಲನೇ ಸಲವೇ ಕ್ಷಮಿಸಿದ. ಅವನಿಗೆ ಇದು ಮರೆತೇಹೋಗಿರುತ್ತೆ, ನೀವು ಬಂದು ಬಂದು ನೆನಪು ಮಾಡ್ತಿದ್ದೀರಿ.”

“ಹಾಗಾದ್ರೆ ನನಗ್ಯಾಕೆ ನೆಮ್ಮದಿ ಇಲ್ಲ ಗುರುಗಳೇ?”

“ನಿಮ್ಮ ತಮ್ಮನಿಗೆ ಇದನ್ನ ಎಷ್ಟು ಸಲ ಹೇಳಿದ್ದೀರಿ?”

ನಾನು ಪಶ್ಚಾತ್ತಾಪದ ಜಪ ಹೇಳತೊಡಗಿದೆ. ಅವರು ಎಂದಿನಂತೆ ವಿಮೋಚನೆಯ ಮಾತು ಹೇಳಿದರು. ಇವತ್ತು ಮೈ ಹಗುರಾಗಲಿಲ್ಲ. ಸಿಟ್ಟು ಬಂತು. ಮೂವತ್ತು ವರ್ಷ ನಾನು ಬಾಯಲ್ಲಿ ಹೇಳದೆ ಕೈಯಲ್ಲಿ ಹೇಳಿಲ್ಲವೇ? ಆರು ಕಾಲು ಮಾಡಿಕೊಟ್ಟಿಲ್ಲವೇ? ಇವರಿಗೇನು ಗೊತ್ತು.

ಸೆಪ್ಟೆಂಬರ್ 12, ಶುಕ್ರವಾರ

ಆಸ್ಪತ್ರೆಗೆ ಹೋಗಲಿಲ್ಲ. ಏಳನೆಯ ಕಾಲಿನ ನಕ್ಷೆ ಮಾಡುವುದಿದೆ ಎಂದು ನನಗೆ ನಾನೇ ಹೇಳಿಕೊಂಡು ಕಾರ್ಯಾಗಾರದಲ್ಲೇ ಉಳಿದೆ. ಹಳೆಯ ಬಟ್ಟಲುಗಳ ಅಳತೆ ಬೇಕಾಗಿ ಉಗ್ರಾಣಕ್ಕೆ ಹೋದೆ. ಹೊಸದು ಕೊಟ್ಟಾಗ ಹಳೆಯದನ್ನು ಅವನು ತಂದೊಪ್ಪಿಸುತ್ತಾನೆ, ನಾನು ಚೀಟಿ ಕಟ್ಟಿ ಇಡುತ್ತೇನೆ. ಐದೂ ಸಾಲಾಗಿ ಗೋಡೆಗೆ ಒರಗಿದ್ದವು. ಬ್ಯಾಟರಿ ಹಿಡಿದು ಮೊದಲ ಬಾರಿಗೆ ಅವುಗಳ ಒಳಗೆ ನೋಡಿದೆ.

ಐದರಲ್ಲೂ ಒಂದೇ ಜಾಗದಲ್ಲಿ ಅಂಟಿನ ಗುರುತು. ಒಂದರಲ್ಲಿ ಹಳೇ ಬನಿಯನ್ನಿನ ಚೂರು ಇನ್ನೂ ಅಂಟಿಕೊಂಡಿತ್ತು. ಇನ್ನೊಂದರಲ್ಲಿ ಗಡಿಯಾರ ಒರೆಸುವ ಮೆತ್ತನೆಯ ಹಳದಿ ಬಟ್ಟೆ. ಒಂದರಲ್ಲಿ ಬಟ್ಟಲನ್ನೇ ಸಣ್ಣ ಅರದಿಂದ ಉಜ್ಜಿ ತೆಳ್ಳಗೆ ಮಾಡಿದ್ದ, ಎಷ್ಟು ನಾಜೂಕಾಗಿ ಎಂದರೆ ನನ್ನ ಕೈಯಲ್ಲೂ ಅಷ್ಟು ಬರುವುದಿಲ್ಲ. ಇಷ್ಟು ವರ್ಷವೂ ಅವನು ಕಾಲನ್ನು ಮನೆಗೆ ಒಯ್ದು, ನೋವಾಗುವಲ್ಲಿ ತಾನೇ ತೇಪೆ ಹಾಕಿಕೊಂಡು, ನನ್ನ ಹತ್ತಿರ ಬರುವ ಮೊದಲು ಕಿತ್ತು ತೆಗೆದು, ಹೂವಿನ ಹಾಗಿದೆ ಎನ್ನುತ್ತಿದ್ದ.

ಐದು ಕಾಲುಗಳ ನಡುವೆ ನೆಲದ ಮೇಲೆ ಕುಳಿತೆ. ಪ್ಲಾಸ್ಟರಕ್ಕ ಬಾಗಿಲವರೆಗೆ ಬಂದು, ನೋಡಿ, ಬಾಗಿಲು ಎಳೆದುಕೊಂಡು ಹೋದಳು.

ಸೆಪ್ಟೆಂಬರ್ 13, ಶನಿವಾರ

ಇವತ್ತು ಬರೆದುಬಿಡುತ್ತೇನೆ. ಗುರುಗಳ ಕಿವಿಯಲ್ಲಿ ಪಿಸುಗುಟ್ಟುವುದೇ ಬೇರೆ, ಕಾಗದದ ಮೇಲೆ ನೋಡುವುದೇ ಬೇರೆ.

ಅಪ್ಪನದು ಮರದ ದಿಮ್ಮಿಗಳ ಅಂಗಳ. ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ, ಉರುಳದಂತೆ ಕೆಳಗಿನದಕ್ಕೆ ಬೆಣೆ ಕೊಡುತ್ತಿದ್ದರು. ಮೇಲಿನ ದಿಮ್ಮಿಗಳನ್ನು ಸರಪಳಿಯಿಂದ ಬಿಗಿಯುವವರೆಗೆ ಬೆಣೆ ಮುಟ್ಟಬಾರದು. ಅಪ್ಪ ನಮಗೆ ಕಲಿಸಿದ ಮೊದಲ ಪಾಠವೇ ಅದು. ನನಗೆ ಆಗ ಇಪ್ಪತ್ತನಾಲ್ಕು, ತಮ್ಮನಿಗೆ ಹದಿನೇಳು. ಆ ಸಂಜೆ ಫುಟ್‌ಬಾಲ್ ಪಂದ್ಯಕ್ಕೆ ಹೋಗುವ ಆತುರ ನನಗೆ. ಬೇಗ ಮುಗಿಯಲಿ ಎಂದು ಬೆಣೆ ತೆಗೆದೆ. ತಮ್ಮ ಆಚೆ ಬದಿಯಲ್ಲಿ ಸರಪಳಿ ಎತ್ತುತ್ತಿದ್ದ. ದಿಮ್ಮಿ ಉರುಳಿ ಅವನ ಎಡಗಾಲಿನ ಮೇಲೆ ಬಿತ್ತು.

ಅಪ್ಪ ಓಡಿಬಂದಾಗ ತಮ್ಮನಿಗೆ ಎಚ್ಚರವಿರಲಿಲ್ಲ. “ಬೆಣೆ ತೆಗೆದದ್ದು ಯಾರು?” ಎಂದು ಕೇಳಿದರು.

“ಅವನೇ ಅಪ್ಪ. ಅವಸರ ಮಾಡಿದ,” ಎಂದೆ.

ಯೋಚಿಸಿ ಹೇಳಿದ್ದಲ್ಲ. ನೀರು ಕುಡಿದಷ್ಟು ಸಲೀಸಾಗಿ ಬಂತು. ಆಮೇಲೆ ಅಪ್ಪ ಅವನಿಗೆ ಅವಸರಪ್ಪ ಎಂದು ಹೆಸರಿಟ್ಟರು. ಬಂಧುಬಳಗವೆಲ್ಲ ಹಾಗೇ ಕರೆಯಿತು, ತಮಾಷೆಗೆ ನಾನೂ ಕರೆದಿದ್ದೇನೆ. ಒಂದು ಸ್ಕ್ರೂ ಹಾಕಲು ಅರ್ಧ ಗಂಟೆ ತೆಗೆದುಕೊಳ್ಳುವ ಮನುಷ್ಯ ಅವನು. ನಾನು ಕಂಡವರಲ್ಲಿ ಅವನಷ್ಟು ನಿಧಾನಸ್ಥ ಇನ್ನೊಬ್ಬನಿಲ್ಲ. ಎಚ್ಚರ ಬಂದ ಮೇಲೆ ಅಪ್ಪ ಬೈಯುತ್ತಿದ್ದರೆ ಅವನು ಛಾವಣಿ ನೋಡುತ್ತ ಮಲಗಿದ್ದ. ನಾನಲ್ಲ ಎಂದು ಒಂದು ಸಲವೂ ಹೇಳಲಿಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಗುರುವಾರ ಶಸ್ತ್ರಕ್ರಿಯೆ. ಮೊಣಕಾಲಿನ ಮೇಲಕ್ಕೆ ತೆಗೆಯುತ್ತಾರೆ. ಮೊಣಕಾಲು ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸ ಎಂದು ನನಗೆ ಗೊತ್ತಿರುವಷ್ಟು ಆ ಡಾಕ್ಟರಿಗೂ ಗೊತ್ತಿರಲಾರದು.

ನಾನೇ ಅವನ ಕಾಲನ್ನು ಎರಡು ಸಲ ತೆಗೆದಂತಾಯಿತು.

ಸೆಪ್ಟೆಂಬರ್ 17, ಬುಧವಾರ

ಮೊನ್ನೆ ಎಲ್ಲವನ್ನೂ ಬರೆದೆ ಎಂದುಕೊಂಡಿದ್ದೆ. ಬರೆದಿರಲಿಲ್ಲ. ಮೂವತ್ತು ವರ್ಷದಿಂದ ಗುರುಗಳಿಗೆ ಹೇಳುತ್ತಿರುವುದು ಬೆಣೆಯ ವಿಷಯ, ಅಪ್ಪನಿಗೆ ಹೇಳಿದ ಸುಳ್ಳಿನ ವಿಷಯ. ಇದನ್ನು ಯಾರಿಗೂ ಹೇಳಿಲ್ಲ.

ಹನ್ನೊಂದು ವರ್ಷದ ಹಿಂದೆ ಅಪ್ಪ ಹಾಸಿಗೆ ಹಿಡಿದಿದ್ದರು. ಕೊನೆಯ ದಿನ ಮಧ್ಯಾಹ್ನ ನಮ್ಮಿಬ್ಬರನ್ನೂ ಹತ್ತಿರ ಕರೆದರು. ತಮ್ಮ ಮಂಚದ ಪಕ್ಕದಲ್ಲಿ ಬಗ್ಗಿ ನಿಂತ; ಕೃತಕ ಕಾಲಿನಲ್ಲಿ ಮಂಡಿಯೂರುವುದು ಅವನಿಗೆ ಕಷ್ಟ. ಅಪ್ಪ ಅವನ ತಲೆಯ ಮೇಲೆ ಕೈಯಿಟ್ಟರು.

“ನಿನ್ನ ಮೇಲೆ ಸಿಟ್ಟಿಟ್ಕೊಂಡೇ ಇಷ್ಟು ವರ್ಷ ಕಳೆದೆ. ನಿನ್ನ ಜೊತೆ ನೆಟ್ಟಗೆ ನಾಲ್ಕು ಮಾತಾಡಲಿಲ್ಲ. ಅವತ್ತು ನೀನು ಮಾಡಿದ ತಪ್ಪನ್ನ ಕ್ಷಮಿಸಿದ್ದೀನಿ. ದೇವರೂ ಕ್ಷಮಿಸಲಿ,” ಎಂದರು.

ತಮ್ಮ ತಲೆಯೆತ್ತಿ ನನ್ನ ಮುಖ ನೋಡಿದ. ನಾನು ಸಲೈನ್ ಬಾಟಲಿ ನೋಡಿದೆ. ಅದರಲ್ಲಿ ಹನಿ ಬೀಳುವುದನ್ನು ಎಣಿಸುವಂತೆ ನೋಡಿದೆ.

“ಆಗಲಿ ಅಪ್ಪ,” ಎಂದ ಅವನು.

ನನಗೆ ಸಲ್ಲಬೇಕಾದ ಕ್ಷಮೆಯನ್ನು ಅವನು ತಲೆ ಬಗ್ಗಿಸಿ ತೆಗೆದುಕೊಂಡ. ಬೇಡ ಎಂದಿದ್ದರೆ ಅಪ್ಪ ನೊಂದು ಸಾಯುತ್ತಿದ್ದರು. ಅದಕ್ಕಾಗಿ ಮಾಡದ ತಪ್ಪನ್ನು ಒಪ್ಪಿಕೊಂಡ. ಆ ಕೋಣೆಯಲ್ಲಿ ಬಾಯಿ ಬಿಡಲು ನನಗೆ ಎಷ್ಟು ಸಮಯವಿತ್ತು. ಅಪ್ಪ ಹೋದದ್ದು ಸಂಜೆ ಆರಕ್ಕೆ.

ನಾಳೆ ಶಸ್ತ್ರಕ್ರಿಯೆಗೆ ಒಯ್ಯುವ ಮೊದಲು ಅವನಿಗೆ ಹೇಳುತ್ತೇನೆ.

ಸೆಪ್ಟೆಂಬರ್ 18, ಗುರುವಾರ

ಹೇಳಲಿಲ್ಲ. ಗಾಲಿಮಂಚದ ಪಕ್ಕದಲ್ಲಿ ನಡೆಯುತ್ತ ಬಾಗಿಲವರೆಗೂ ಹೋದೆ. ಅವನೇ, “ಊಟ ಮಾಡಿದ್ಯಾ ಅಣ್ಣ?” ಎಂದು ಕೇಳಿದ.

ಕಾಲು ಹೋಯಿತು.

ಸೆಪ್ಟೆಂಬರ್ 24, ಬುಧವಾರ

ಹೇಳಿದೆ.

ಅವನ ಹೆಂಡತಿ ಔಷಧ ತರಲು ಕೆಳಗೆ ಹೋಗಿದ್ದಳು. ಪಕ್ಕದ ಮಂಚದವರು ಗೊರಕೆ ಹೊಡೆಯುತ್ತಿದ್ದರು. ತಮ್ಮ ಬಿಸ್ಕತ್ತು ತಿನ್ನುತ್ತಿದ್ದ. ಹೇಗೆ ಶುರು ಮಾಡುವುದೆಂದು ಹತ್ತು ರೀತಿ ಯೋಚಿಸಿಕೊಂಡು ಹೋಗಿದ್ದೆ, ಒಂದೂ ನೆನಪಾಗಲಿಲ್ಲ. “ಬೆಣೆ ತೆಗೆದದ್ದು ನಾನು,” ಎಂದೆ.

“ಗೊತ್ತು. ನಾನೂ ಅಲ್ಲೇ ಇದ್ದೆನಲ್ಲ,” ಎಂದ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನೂ ಅರೆಕ್ಷಣ ನಕ್ಕ. ಆಮೇಲೆ ಬಿಸ್ಕತ್ತನ್ನು ತಟ್ಟೆಯ ಮೇಲಿಟ್ಟು, ಮೈಮೇಲೆ ಬಿದ್ದ ಪುಡಿಯನ್ನು ಒಂದೊಂದಾಗಿ ಹೆಕ್ಕುತ್ತ ಮಾತಾಡಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

“ಅವತ್ತು ಅಪ್ಪನಿಗೆ ಸುಳ್ಳು ಹೇಳಿದೆ ಅಂತ ನನಗೆ ಸಿಟ್ಟಿಲ್ಲಣ್ಣ. ಇತ್ತು, ಹೋಯ್ತು. ಅಪ್ಪನ ಸಿಟ್ಟು ನನಗೂ ಗೊತ್ತು, ನಿನ್ನ ಜಾಗದಲ್ಲಿದ್ರೆ ನಾನೂ ಹೆದರ್ತಿದ್ದೆನೋ ಏನೋ. ಆದ್ರೆ ಕೊನೇ ದಿನ ಅಪ್ಪ ತಲೆ ಮೇಲೆ ಕೈ ಇಟ್ರಲ್ಲ, ಆಗ ನಿನ್ನ ಮುಖ ನೋಡಿದೆ. ಈಗ ಹೇಳ್ತಾನೆ ಅಂತ ಕಾದೆ. ಅಪ್ಪನ ಕೈ ಎಷ್ಟು ಭಾರ ಇತ್ತು ಗೊತ್ತಾ? ಕಾದೆ. ನೀನು ಹೇಳಲಿಲ್ಲ.”

“ನೀನೇ ಹೇಳಬಹುದಿತ್ತಲ್ಲೋ.”

“ಹೇಗೆ ಹೇಳಲಿ? ಸಾಯ್ತಿರೋ ಮನುಷ್ಯ ಕ್ಷಮಿಸಿದ್ದೀನಿ ಅಂತಿದ್ದಾರೆ, ನೀವು ಕ್ಷಮಿಸಬೇಕಾದವನು ನಾನಲ್ಲ ಅನ್ನಲಾ? ನನಗೆ ಅಪ್ಪನ ಕ್ಷಮೆ ಬೇಕಿರಲಿಲ್ಲ ಅಣ್ಣ. ಒಂದೇ ಒಂದು ಸಲ ಅವರು ನನ್ನನ್ನ ಸರಿಯಾಗಿ ನೋಡಲಿ ಅಂತಿತ್ತು. ಅವಸರಪ್ಪ ಅಂತಲೇ ತಿಳ್ಕೊಂಡು ಹೋದ್ರು.”

ಅವನ ಕೈ ಹಿಡಿದುಕೊಂಡು ಕ್ಷಮಿಸು ಎಂದೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ.

“ಈಗ ಕೇಳಬೇಡ. ಇಲ್ಲ ಅಂದ್ರೆ ನಿನಗೆ ನೋವು. ಹೂಂ ಅಂದ್ರೆ ಸುಳ್ಳು.”

“ನೋವಿಲ್ಲ ಅಂತ ಇಷ್ಟು ವರ್ಷ ಸುಳ್ಳು ಹೇಳಿದೆಯಲ್ಲ.”

“ನೀನು ಮೂರು ತಿಂಗಳಿಗೊಂದು ಸಲ ನನ್ನ ಮುಂದೆ ನೆಲದ ಮೇಲೆ ಕೂತು ಕಾಲು ಹಿಡ್ಕೊಂಡು ನೋಡ್ತಿದ್ದೆ. ಬೇರೆ ಯಾವತ್ತೂ ನೀನು ನನ್ನ ಹತ್ತಿರ ಕೂರ್ತಿರಲಿಲ್ಲ. ಕಾಲು ಸರಿಯಿಲ್ಲ ಅಂದ್ರೆ ಅದೂ ತಪ್ಪುತ್ತೇನೋ ಅಂತ ಸುಮ್ನಿದ್ದೆ.”

ಹೆಂಡತಿ ಔಷಧದ ಪೊಟ್ಟಣ ಹಿಡಿದು ಬಂದಳು. ನಾವು ಮಾತು ನಿಲ್ಲಿಸಿದೆವು. ನಾನು ಏಳುವಾಗ ಅವನೇ ಮೆಲ್ಲಗೆ ಹೇಳಿದ, “ಮುಂದಿನ ಕಾಲನ್ನ ಪ್ಲಾಸ್ಟರಕ್ಕ ಮಾಡಲಿ. ನೀನು ಮಾಡಬೇಡ. ನೀನು ಮನೆಗೆ ಬಾ. ಕೈಯಲ್ಲಿ ಏನೂ ತರಬೇಡ.”

ಸೆಪ್ಟೆಂಬರ್ 29, ಸೋಮವಾರ

ಅವನ ಅಳತೆಯ ಚೀಟಿಗಳನ್ನೆಲ್ಲ ಪ್ಲಾಸ್ಟರಕ್ಕನಿಗೆ ಕೊಟ್ಟೆ. ಒಂದೊಂದಾಗಿ ಓದಿ ಜೋಡಿಸಿಕೊಂಡಳು. ಮೂಳೆ ಎಲ್ಲಿ ಉಬ್ಬಿದೆ, ಯಾವ ಕಡೆ ಭಾರ ಹಾಕುತ್ತಾನೆ ಎಂದು ಹೇಳಲು ಹೋಗಿ ಅರ್ಧದಲ್ಲಿ ನಿಲ್ಲಿಸಿದೆ. ನನಗೆ ಗೊತ್ತಿರುವುದೆಲ್ಲ ಮೊಣಕಾಲಿನ ಕೆಳಗಿನದು. ಅದು ಈಗ ಇಲ್ಲ.

ಅವನು ಸಣ್ಣವನಿದ್ದಾಗ ಕೀಲಿ ಕೊಡುವ ಆಟಿಕೆಗಳನ್ನು ಬಿಚ್ಚಿ, ಚೂರುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಮತ್ತೆ ಹಾಗೇ ಕೂಡಿಸುತ್ತಿದ್ದ. ಒಂದು ಚೂರೂ ಕಳೆಯುತ್ತಿರಲಿಲ್ಲ. ಇವತ್ತು ಯಾಕೋ ನೆನಪಾಯಿತು. ಅವನಿಗೆ ಯಾವ ಬಣ್ಣ ಇಷ್ಟ, ಏನು ಓದುತ್ತಾನೆ, ಯಾರು ಅವನ ಸ್ನೇಹಿತರು, ನನಗೆ ಒಂದೂ ಗೊತ್ತಿಲ್ಲ.

ಅಕ್ಟೋಬರ್ 5, ಭಾನುವಾರ

ಅವನನ್ನು ಮನೆಗೆ ಕಳಿಸಿ ನಾಲ್ಕು ದಿನವಾಯಿತು. ಹೋಗಲಿಲ್ಲ. ಬರಿಗೈಯಲ್ಲಿ ಅವನೆದುರು ಹೇಗೆ ಕೂರಬೇಕೋ ನನಗೆ ತಿಳಿಯದು. ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ಬಂದೆ.

ಅಕ್ಟೋಬರ್ 12, ಭಾನುವಾರ

ಸಂಜೆ ಆರಕ್ಕೆ ಹೋದೆ. ಬಾಗಿಲು ತೆಗೆದವಳು ಅವನ ಮಗಳು. ಈಗ ಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. “ಬನ್ನಿ ದೊಡ್ಡಪ್ಪ,” ಎಂದಳು. ತಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಇಲ್ಲದ ಪಾದ ಉರಿಯುತ್ತಿದೆ ಎಂದು ಹಲ್ಲು ಕಚ್ಚಿಕೊಂಡಿದ್ದ. ನಾನು ಬಂದದ್ದನ್ನು ನೋಡಿಯೂ ಮುಖ ಸರಿಮಾಡಿಕೊಳ್ಳಲಿಲ್ಲ. ಎಲ್ಲ ರೋಗಿಗಳಿಗೂ ನಾನು ಹೇಳುವ ಉಪಾಯಗಳು ಬಾಯಿಯವರೆಗೆ ಬಂದವು. ಹೇಳದೆ ಪಕ್ಕದಲ್ಲಿ ಕುಳಿತೆ. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ತೊಡೆಯ ಕೆಳಗೆ ಸೇರಿಸಿಕೊಂಡೆ.

ಅವನ ಹೆಂಡತಿ, ಮಗಳು ಇಬ್ಬರೂ ಕೋಣೆಯಲ್ಲಿದ್ದಾಗ ಹೇಳಿದೆ. ಬೆಣೆ, ಸುಳ್ಳು, ಅಪ್ಪನ ಕೊನೆಯ ದಿನ, ಮೂರನ್ನೂ ಹೇಳಿದೆ. ಯಾರೂ ಕೇಳಿರಲಿಲ್ಲ, ತಮ್ಮನೂ ಹೇಳು ಎಂದಿರಲಿಲ್ಲ. ಹೆಂಡತಿ ಗಂಡನ ಮುಖ ನೋಡಿದಳು. ಮಗಳು ಹೇಳಿದಳು, “ಅಜ್ಜ ನನಗೆ ಸೈಕಲ್ ಕಲಿಯೋಕೆ ಬಿಡಲಿಲ್ಲ ದೊಡ್ಡಪ್ಪ. ಅವಸರಪ್ಪನ ಮಗಳು, ಇವಳಿಗೂ ಅದೇ ಬುದ್ಧಿ ಇರುತ್ತೆ ಅಂತಿದ್ರು. ನಾನೂ ಅಪ್ಪನ್ನ ಒಂದು ಸಲ ಹಾಗೇ ಬೈದಿದ್ದೆ.” ಎದ್ದು ಹೋಗಿ ತಮ್ಮನ ಕುರ್ಚಿಯ ಹಿಂದೆ ನಿಂತು ಅವನ ಭುಜದ ಮೇಲೆ ಕೈಯಿಟ್ಟಳು. ನನ್ನ ಒಂದು ಮಾತು ಎಲ್ಲೆಲ್ಲಿಗೆ ಹೋಗಿ ಮುಟ್ಟಿದೆಯೋ ನನಗೇ ಗೊತ್ತಿಲ್ಲ.

ಏಳು ಗಂಟೆಗೆ ಅವರ ಮನೆಯಲ್ಲಿ ಪ್ರಾರ್ಥನೆ. ಹೊರಡಲು ಎದ್ದೆ. ತಮ್ಮ, “ಕೂತ್ಕೋ,” ಎಂದ. ನಾಲ್ವರೂ ಸೇರಿ ಕರ್ತನು ಕಲಿಸಿದ ಪ್ರಾರ್ಥನೆ ಹೇಳಿದೆವು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎನ್ನುವಲ್ಲಿಗೆ ಬಂದಾಗ ಪಕ್ಕದಲ್ಲಿ ಅವನ ದನಿ ನಿಂತಿತು. ಇಣುಕಿ ನೋಡಿದೆ. ಕಣ್ಣು ಮುಚ್ಚಿದ್ದ, ತುಟಿ ಬಿಗಿಹಿಡಿದಿದ್ದ. ಆ ಸಾಲನ್ನು ಅರ್ಧ ಹೇಳಿದ್ದ ನಾನೂ ನಿಲ್ಲಿಸಿಬಿಟ್ಟೆ. ತಾಯಿ ಮಗಳು ಮುಂದುವರಿಸಿ ಮುಗಿಸಿದರು.

ಗೇಟಿನವರೆಗೆ ಬಂದ ಅವನ ಹೆಂಡತಿ ಹೇಳಿದಳು, “ಮಾವ ತೀರ್ಕೊಂಡ ದಿನದಿಂದ ಅವರು ಆ ಸಾಲು ಹೇಳಲ್ಲ ಭಾವ. ಕೇಳಿದ್ರೆ, ಮನಸ್ಸಿನಲ್ಲಿ ಇಲ್ಲದ್ದನ್ನ ದೇವರ ಮುಂದೆ ಹೇಳೋದು ಹೇಗೆ ಅಂತಾರೆ. ಇವತ್ತಾಗುತ್ತಾ ನೋಡ್ತೀನಿ ಅಂತ ದಿನಾ ಕೂರ್ತಾರೆ. ಅಲ್ಲಿಗೆ ಬಂದು ನಿಂತುಬಿಡ್ತಾರೆ. ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ತಪ್ಪಿಸಿಲ್ಲ. ಯಾರ ವಿಷಯ ಅಂತ ನನಗೆ ಗೊತ್ತಿರಲಿಲ್ಲ.”

ಬಸ್ಸು ಹತ್ತಲಿಲ್ಲ. ನಡೆಯುತ್ತ ಬಂದೆ. ದಾರಿಯುದ್ದಕ್ಕೂ ಅಳುತ್ತಿದ್ದೆ, ಎದುರಿಗೆ ಬಂದವರು ನೋಡಿದರೂ ಲೆಕ್ಕಿಸಲಿಲ್ಲ. ನಾನು ದೇವರ ಹತ್ತಿರ ಕ್ಷಮೆ ಕೇಳಿ ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದೆ. ಅವನು ಪ್ರತಿ ಸಂಜೆ, ನಾನು ಕೇಳದೆಯೇ, ನನ್ನನ್ನು ಕ್ಷಮಿಸಲು ಕೂರುತ್ತಿದ್ದ. ಆಗದೆ ಎದ್ದು, ಮರುದಿನ ಮತ್ತೆ ಕೂರುತ್ತಿದ್ದ.

ಅದು ಅವನಿಂದ ಎಂದಾದರೂ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ನಾಳೆ ಏಳು ಗಂಟೆಗೆ ಹೋಗುತ್ತೇನೆ. ಆ ಸಾಲಿನ ಹತ್ತಿರ ಅವನನ್ನು ಇನ್ನು ಒಬ್ಬನೇ ಬಿಡುವುದಿಲ್ಲ.